ಆಮೆಯ ಗಲ್ಲ ಎತ್ತಿದ ಕೆಂಪರಾಜ್

ಸಮೇತನಹಳ್ಳಿಯ ಕೆಂಪರಾಜ್ ಅರಬ್ಬೀ ಸಮುದ್ರದ ತಳಕ್ಕಿಳಿದು, ಒಂದು ಕಡಲಾಮೆಯ ಗಲ್ಲ ಎತ್ತಿ ಹಿಡಿದು, ‘ಎಲ್ಲಿ, ಸ್ವಲ್ಪ ಸ್ಮೈಲ್’ ಅಂದಾಗ ಅದು ಹಲ್ಲು ಬಿಟ್ಟು ನಕ್ಕಿತು. ಮೂವತ್ತೆರಡು ಹಲ್ಲು. ಅವನೇ ಎಣಿಸಿದ್ದ. ಮೇಲಿನ ಸಾಲಿನಲ್ಲಿ ಒಂದು ಹಲ್ಲು ವಾರೆಯಾಗಿತ್ತು. ಅದು ಫೋಟೊದಲ್ಲಿ ಬೀಳದಿರಲಿ ಎಂದು ಆಮೆಯ ಮುಖವನ್ನು ಒಂಚೂರು ಎಡಕ್ಕೆ ತಿರುಗಿಸಿದವನೂ ಅವನೇ. ಆಗ ಅವನಿದ್ದದ್ದು ಮುನ್ನೂರು ಅಡಿ ಆಳದಲ್ಲಿ. ಮೊರದಂತೆ ಅಗಲವಾದ ಎರಡು ತೊರಕೆ ಮೀನುಗಳು ಆಚೆ ಈಚೆ ನಿಂತು ಲೈಟು ಹಿಡಿದಿದ್ದವು.

ಹೊಸಕೋಟೆಯಲ್ಲಿ ಕೆಂಪರಾಜನ ಸ್ಟುಡಿಯೊ ಇದೆ. ಇಪ್ಪತ್ತೆರಡು ವರ್ಷಗಳಿಂದ ಮದುವೆ ಫೋಟೊ ತೆಗೆಯುವುದು ಅವನ ಕೆಲಸ. ಹೊಸಕೋಟೆಯಿಂದ ದೇವನಹಳ್ಳಿಯವರೆಗೆ ಅವನು ಗಲ್ಲ ಎತ್ತದ ಮದುಮಗಳಿಲ್ಲ, ಮೈಸೂರು ಪೇಟ ಸರಿಮಾಡದ ಮದುಮಗನಿಲ್ಲ. ಒಮ್ಮೆ ಮುಹೂರ್ತದ ಗಡಿಬಿಡಿಯಲ್ಲಿ ಪುರೋಹಿತರ ಗಲ್ಲವನ್ನೂ ಎತ್ತಿ ಬೈಸಿಕೊಂಡಿದ್ದ. ಆ ಬಲಗೈಗೆ ಅಭ್ಯಾಸವಾಗಿಹೋಗಿತ್ತು. ಎದುರಿಗೆ ಮುಖ ಕಂಡರೆ ಸಾಕು, ಎರಡು ಬೆರಳು ತಾವಾಗಿಯೇ ಮುಂದೆ ಹೋಗುತ್ತಿದ್ದವು.

ಊರಿನವರು ಅವನ ಮಾತಿಗೊಂದು ಲೆಕ್ಕ ಕಟ್ಟಿಕೊಂಡಿದ್ದರು. ಅವನು ಏನೇ ಹೇಳಲಿ, ಮುಕ್ಕಾಲು ಪಾಲು ತೆಗೆದುಹಾಕಿ ಕಾಲು ಪಾಲು ನಂಬುವುದು. ಆದರೆ ಈ ಆಮೆಯ ವಿಷಯದಲ್ಲಿ ಸ್ಟುಡಿಯೊದ ಗೋಡೆ ತುಂಬ ಒಂದು ಫೋಟೊ ಇತ್ತು. ಹಸಿರುಗಪ್ಪು ನೀರು, ಮೇಲಿನಿಂದ ಓರೆಯಾಗಿ ಇಳಿದ ಬಿಸಿಲು, ನಡುವೆ ನೇರ ನಿಮ್ಮನ್ನೇ ನೋಡುವ ಒಂದು ಆಮೆ. ಹಲ್ಲು ಕಾಣುತ್ತಿರಲಿಲ್ಲ, ನಿಜ. ಕ್ಲಿಕ್ಕಿಸುವ ಹೊತ್ತಿಗೆ ಅದು ನಾಚಿ ಬಾಯಿ ಮುಚ್ಚಿಕೊಂಡಿತಂತೆ.

ಆ ಫೋಟೊ ನೋಡಿಯೇ ಭಾನುವಾರ ಬೆಳಿಗ್ಗೆ ಭಾನುಪ್ರಕಾಶ್ ಕೆಂಪರಾಜನ ಮನೆಗೆ ಬಂದಿದ್ದ. ಚನ್ನರಾಯಪಟ್ಟಣದ ಕಡೆಯವನು, ವಿಮಾನ ನಿಲ್ದಾಣದಲ್ಲಿ ಕೆಲಸ. ಜೊತೆಗೆ, ಮುಂದಿನ ತಿಂಗಳು ಅವನನ್ನು ಮದುವೆಯಾಗಲಿರುವ ಚಂದನ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಕೆಂಪರಾಜನ ತಾಯಿ ಅಮ್ಮಯಮ್ಮ ಸೋಸಿದ ದಂಟಿನ ಸೊಪ್ಪಿನ ಕಡ್ಡಿಗಳನ್ನು ಮಡಿಲಲ್ಲಿ ಹಾಕಿಕೊಂಡು ಹಿತ್ತಲಿನ ಬಾವಿಯ ಕಡೆ ಹೋಗಿದ್ದರು.

“ಹಲ್ಲಿನ ಕಥೆ ಬಿಡಣ್ಣ, ಅದು ನಿನ್ನ ಮಾಮೂಲಿ,” ಅಂದ ಭಾನುಪ್ರಕಾಶ್. “ಆದ್ರೆ ಆಮೆ ಹತ್ರ ಬರುತ್ತೆ, ಹಿಡ್ಕೊಂಡ್ರೆ ಸುಮ್ನಿರುತ್ತೆ. ಅಷ್ಟು ನಿಜ ತಾನೇ?”

“ಸುಮ್ನಿರುತ್ತಾ ಅಂತ ಕೇಳ್ತೀಯಲ್ಲ ಗುರು! ನನ್ನ ತೊಡೆ ಮೇಲೆ ಕೂತ್ಕೊಂಡು, ಎದ್ದೇಳಲ್ಲ ಅಂತ ಹಟ ಮಾಡ್ತು.”

“ಹಂಗಾದ್ರೆ ಆಯ್ತು.” ಭಾನುಪ್ರಕಾಶ್ ಜೇಬಿನಿಂದ ಮಡಿಸಿದ ಹಾಳೆ ತೆಗೆದು ಬಿಡಿಸಿದ. ಪೆನ್ಸಿಲಿನಲ್ಲಿ ಒಂದು ಗಂಡು, ಒಂದು ಹೆಣ್ಣು, ನಡುವೆ ಕಡುಬಿನಂಥದ್ದೊಂದು. “ಇದು ಆಮೆ. ಒಂದು ಕಡೆ ನಾನು ಹಿಡ್ಕೋತೀನಿ, ಒಂದು ಕಡೆ ಇವ್ಳು. ಅದರ ಬೆನ್ನ ಮೇಲೆ ಉಂಗುರ. ನಮ್ಮ ಪ್ರೀ-ವೆಡ್ಡಿಂಗ್ ಶೂಟ್ ನೀರೊಳಗೇ ಆಗ್ಬೇಕು, ನೀನೇ ತೆಗೀಬೇಕು.”

“ನಾನು ಹದಿನೈದು ದಿನದಿಂದ ಈಜುಕೊಳಕ್ಕೆ ಹೋಗ್ತಿದ್ದೀನಣ್ಣ,” ಅಂದಳು ಚಂದನ. “ಈಜು ಬಂದಿಲ್ಲ. ಮುಳುಗೋದು ಚೆನ್ನಾಗಿ ಬಂದಿದೆ.”

ಕೆಂಪರಾಜ್ ಆಕಾಶ ಅದುರುವಂತೆ ನಕ್ಕ. ಭಾನುಪ್ರಕಾಶ್ ಮುಂದುವರಿಸಿದ: “ನಂಗೆ ಎರಡೇ ದಿನ ರಜ. ಸಮುದ್ರಕ್ಕೆ ಹೋಗಿ ಆಮೆ ಯಾವಾಗ ಬರುತ್ತೋ ಅಂತ ಕಾಯಕ್ಕಾಗಲ್ಲ. ಅದಕ್ಕೆ ಯಾರ ಮೂಲಕವೋ ಒಬ್ಬ ಮೀನಿನ ಬಲೆಯವನ್ನ ಗೊತ್ತು ಮಾಡಿದ್ದೀನಿ. ಹಿಂದಿನ ದಿನಾನೇ ಒಂದು ಆಮೆ ಹಿಡಿದು, ಕಾಲಿಗೆ ಹಗ್ಗ ಕಟ್ಟಿ ನೀರಲ್ಲೇ ಬಿಟ್ಟಿರ್ತಾನೆ. ನಾವು ಹೋಗಿ ಪೋಸ್ ಕೊಡೋದಷ್ಟೇ. ಸಾಯಂಕಾಲ ಅವನಿಗೆ ಫೋನ್ ಮಾಡಿ ಹ್ಞೂಂ ಅನ್ಬೇಕು.”

ಕೆಂಪರಾಜನ ನಗು ಅರ್ಧಕ್ಕೇ ನಿಂತಿತು. ನೀರೊಳಗೆ ಹಗ್ಗ ಕಟ್ಟಿಸಿಕೊಂಡ ಆಮೆ ಒಂದು ರಾತ್ರಿಯಲ್ಲಿ ಏನಾಗುತ್ತದೆ ಎಂದು ಹೊಸಕೋಟೆ ತಾಲ್ಲೂಕಿನಲ್ಲಿ, ಬೇಕಾದರೆ ಇಡೀ ರಾಜ್ಯದಲ್ಲಿ, ಅವನಷ್ಟು ಚೆನ್ನಾಗಿ ತಿಳಿದವರು ಇರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಗೋಡೆಯ ಮೇಲಿನ ಫೋಟೊ, ತೊರಕೆ ಮೀನು, ಮುನ್ನೂರು ಅಡಿ, ಎಲ್ಲವೂ ಒಟ್ಟಿಗೆ ಮುಳುಗುತ್ತಿದ್ದವು.

ಹಾಗಾಗಿ ಮೊದಲು ಅಡ್ಡದಾರಿ ಹಿಡಿದ.

“ನೀರೊಳಗೆ ಕ್ಯಾಮೆರಾ ಒಯ್ಯೋದು ಅಂದ್ರೆ ಸುಮ್ನೆ ಅಲ್ಲ ಕಣೋ. ಅದನ್ನ ಒಂದು ಗಟ್ಟಿ ಡಬ್ಬಿಯೊಳಗೆ ಹಾಕ್ಬೇಕು. ಮುಚ್ಚಳದ ಸುತ್ತ ಒಂದು ರಬ್ಬರ್ ಬಳೆ ಇರುತ್ತೆ. ಅದರ ಮೇಲೆ ಒಂದೇ ಒಂದು ತಲೆಗೂದಲು ಸಿಕ್ಕಿದ್ರೂ ಸಮುದ್ರ ಒಳಗೆ ನುಗ್ಗುತ್ತೆ. ಕ್ಯಾಮೆರಾ ಸತ್ತಂಗೆ.”

“ನಿನ್ನ ತಲೇಲಿ ಕೂದಲೇ ಇಲ್ವಲ್ಲಣ್ಣ.”

“ಅದಿರ್ಲಿ. ಕೆಳಗೆ ಹೋದಂಗೆ ನೀರು ಕೆಂಪು ಬಣ್ಣ ನುಂಗಿಬಿಡುತ್ತೆ. ಚಂದನಾ, ನೀನು ಉಟ್ಟಿರೋ ಕೆಂಪು ಸೀರೆ ಬೂದಿ ಮೆತ್ಕೊಂಡಂಗೆ ಕಾಣುತ್ತೆ.”

“ಹಳದಿ ಉಟ್ಕೋತೀನಣ್ಣ.”

“ಮೂರನೇದು, ಫ್ಲಾಷು. ಎದುರಿಗೆ ಹೊಡೆದ್ರೆ ನೀರಲ್ಲಿರೋ ಧೂಳೆಲ್ಲ ಅಕ್ಕಿ ಹಿಟ್ಟು ಎರಚಿದಂಗೆ ಬೆಳ್ಳಗೆ ಬೀಳುತ್ತೆ. ಪಕ್ಕದಿಂದ ಹೊಡೀಬೇಕು. ಅದೂ ಪದೇ ಪದೇ ಮುಖಕ್ಕೆ ಹೊಡೆದ್ರೆ ಆ ಜೀವಕ್ಕೆ ಹಿಂಸೆ.”

“ನೀನು ಹೊಡೆದಾಗ ಅದು ಹಲ್ಲು ಬಿಟ್ಟಿತ್ತಲ್ಲ?”

ಜೀವಮಾನದಲ್ಲಿ ಮೊದಲ ಸಲ ಕೆಂಪರಾಜ್ ಸಾಲಾಗಿ ಮೂರು ನಿಜ ಹೇಳಿದ್ದ. ಭಾನುಪ್ರಕಾಶ್ ಊರಿನ ಪದ್ಧತಿಯಂತೆ ಅದರಲ್ಲೂ ಮುಕ್ಕಾಲು ಪಾಲು ತೆಗೆದುಹಾಕಿಬಿಟ್ಟ.

ಅಷ್ಟರಲ್ಲಿ ಅಮ್ಮಯಮ್ಮ ಬರಿದಾದ ಮಡಿಲು ಕೊಡವುತ್ತ ಬಂದರು. ಎಪ್ಪತ್ತೈದರ ಮುದುಕಿ, ಹೊಸಕೋಟೆಯ ಸ್ಟುಡಿಯೊಗೆ ಒಮ್ಮೆಯೂ ಹೋದವರಲ್ಲ. ಭಾನುಪ್ರಕಾಶ್ ಸ್ಟುಡಿಯೊ ಗೋಡೆಯ ಫೋಟೊವನ್ನು ಮೊಬೈಲಿನಲ್ಲಿ ಇಳಿಸಿಕೊಂಡಿದ್ದ. ಉತ್ಸಾಹದಿಂದ ಅದನ್ನು ಮುಂದೆ ಹಿಡಿದ.

“ಅಜ್ಜಿ, ನಿಮ್ಮ ಮಗ ಸಮುದ್ರದ ತಳದಲ್ಲಿ ತೆಗೆದಿರೋ ಫೋಟೊ ನೋಡಿ!”

ಕೆಂಪರಾಜ್ ಮೊಬೈಲಿಗೆ ಅಡ್ಡ ಬರಲು ಜಿಂಕೆಯಂತೆ ನೆಗೆದ. ಕಾಲಿಗೆ ಚಾಪೆ ಸಿಕ್ಕಿಕೊಂಡಿತು. ಅಮ್ಮಯಮ್ಮ ಕನ್ನಡಕ ಏರಿಸಿ, ಕತ್ತು ಓರೆ ಮಾಡಿ ನೋಡಿದರು.

“ಇದ್ಯಾಕಪ್ಪಾ ನಮ್ಮ ಗೌರಿ ಫೋಟೊ ನಿನ್ನ ಹತ್ರ ಐತೆ?”

“ಯಾವ ಗೌರಿ ಅಜ್ಜಿ?”

“ನಮ್ಮ ಬಾವಿ ಆಮೆ ಕಣಪ್ಪ. ಈಗ್ಲೂ ಸೊಪ್ಪು ತಿನ್ಸಿ ಬಂದೆ. ಗೌರಿ ಹಬ್ಬದ ದಿನ ಬಂದು ಸೇರ್ಕೊಂಡ್ಲು, ಹದಿನಾರು ವರ್ಷ ಆಯ್ತು. ಬಾವೀಲಿ ಆಮೆ ಇದ್ರೆ ನೀರು ಚೊಕ್ಕ ಇರುತ್ತೆ ಅಂತ ನಮ್ಮನೆಯವರು ಹಂಗೇ ಬಿಟ್ರು. ಇಕಾ, ಇಲ್ಲಿ ನೋಡು, ಚಿಪ್ಪಿನ ಅಂಚಲ್ಲಿ ಚೂರು ಹಾರಿರೋದು? ಮೋಟ್ರು ಇಳಿಸೋವಾಗ ಪೈಪು ತಗುಲಿದ್ದು. ಅವತ್ತು ನಾನು ಅರಿಶಿನ ಹಚ್ಚಿದ್ದೆ.”

ಕೆಂಪರಾಜ್ ಕಾಲಿಗೆ ಸಿಕ್ಕಿದ್ದ ಚಾಪೆಯನ್ನು, ಅದು ಹೊಸಕೋಟೆಯಿಂದ ದೇವನಹಳ್ಳಿಯವರೆಗೆ ಉದ್ದವಿದೆಯೇನೋ ಎಂಬಂತೆ, ಬಿಡಿಸುತ್ತಲೇ ಇದ್ದ.

ಚಂದನ ಮೊಬೈಲು ಇಸಿದುಕೊಂಡು ಚಿತ್ರ ದೊಡ್ಡದು ಮಾಡಿದಳು. “ನಾನೂ ಅಂದ್ಕೋತಿದ್ದೆ ಅಣ್ಣ. ಈಜು ಕಲಿಯೋವಾಗ ಕಡಲಾಮೆ ವಿಡಿಯೊ ಎಷ್ಟೊಂದು ನೋಡಿದ್ದೀನಿ. ಅದರ ಕೈ ದೋಣಿಯ ಹುಟ್ಟಿನ ಥರ ಉದ್ದಕ್ಕೆ, ಚಪ್ಪಟೆ. ಇದಕ್ಕೆ ಬೆರಳಿದೆ. ಉಗುರೂ ಇದೆ.”

ಕೆಂಪರಾಜನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು: ಗೌರಿಗೆ ಒಬ್ಬಳು ಅವಳಿ ಅಕ್ಕ ಇದ್ದಳು, ಜೋರು ಮಳೆಯಲ್ಲಿ ಕೊಚ್ಚಿಕೊಂಡು ಹೋಗಿ ಸಮುದ್ರ ಸೇರಿದ್ದಳು, ಹುಟ್ಟೂರಿನವನನ್ನು ಕಂಡು ಕಣ್ಣೀರಿಟ್ಟಳು. ಹೇಳಬೇಕೆನ್ನುವಷ್ಟರಲ್ಲಿ ಭಾನುಪ್ರಕಾಶನೇ ಅದಕ್ಕಿಂತ ಸುಲಭದ ಬಾಗಿಲು ತೆರೆದುಕೊಟ್ಟ.

“ಹೋಗ್ಲಿ ಬಿಡಣ್ಣ. ಫೋಟೊ ಬಾವಿದೇ ಆಗ್ಲಿ. ಆದ್ರೆ ಸಮುದ್ರದಲ್ಲಿ ಆಮೆ ಹಿಡಿದಿದ್ದು, ಗಲ್ಲ ಎತ್ತಿದ್ದು, ಅದಂತೂ ನಿಜ ತಾನೇ? ನಮಗೆ ಅಷ್ಟಾದ್ರೆ ಸಾಕು.”

ಹ್ಞೂಂ ಎಂದರೆ ಮುಗಿಯುತ್ತಿತ್ತು. ಮಾನ ಉಳಿಯುತ್ತಿತ್ತು, ಗೋಡೆಯ ಫೋಟೊ ಉಳಿಯುತ್ತಿತ್ತು. ಸಾಯಂಕಾಲ ಬಲೆಯವನಿಗೆ ಫೋನೂ ಹೋಗುತ್ತಿತ್ತು. ಕೆಂಪರಾಜ್ ಲೋಟ ಪಕ್ಕಕ್ಕೆ ಸರಿಸಿದ. ತನ್ನ ಬಲಗೈಯ ಎರಡು ಬೆರಳನ್ನು, ಅವು ಬೇರೆ ಯಾರದೋ ಎಂಬಂತೆ ನೋಡಿಕೊಂಡ.

“ನಾನು ಸಮುದ್ರಕ್ಕೆ ಹೋಗಿದ್ದು ನಿಜ,” ಅಂದ. “ಡಿಸೆಂಬರಲ್ಲಿ, ಮುರ್ಡೇಶ್ವರಕ್ಕೆ. ಅಲ್ಲಿಂದ ಬೋಟಲ್ಲಿ ನೇತ್ರಾಣಿ ದ್ವೀಪ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ ನೀರಿಗೆ ಇಳಿಸೋ ಮೇಡಂ ಮೊದಲೇ ಹೇಳಿದ್ರು, ಯಾವುದನ್ನೂ ಮುಟ್ಟಬಾರದು, ಅಟ್ಟಿಸ್ಕೊಂಡು ಹೋಗಬಾರದು, ಹವಳದ ಮೇಲೆ ಕಾಲಿಡಬಾರದು ಅಂತ. ಎಲ್ಲದಕ್ಕೂ ತಲೆ ಆಡಿಸಿದ್ದೆ. ಕೆಳಗೆ ಹೋದ್ರೆ ಆಮೆ ಬಂತು ಗುರು. ನಿಜವಾದ ಕಡಲಾಮೆ, ನಮ್ಮ ಊಟದ ಟೇಬಲ್ಲಷ್ಟು. ಸೀದಾ ನನ್ನ ಕಡೆಗೇ, ಮೇಲಕ್ಕೆ ಬರ್ತಿತ್ತು. ಮುಖ ಕಾಣಿಸ್ತು. ಈ ದರಿದ್ರ ಕೈ ಮುಂದೆ ಹೋಯ್ತು.”

“ಗಲ್ಲ ಎತ್ತೋಕಾ?” ಅಂದಳು ಚಂದನ.

“ಇನ್ನೇನಕ್ಕೆ? ಅದು ಬೆಚ್ಚಿಬಿದ್ದು ಗರಕ್ಕನೆ ತಿರುಗಿ ಮತ್ತೆ ಕೆಳಕ್ಕೆ ಹೋಯ್ತು. ಮೇಡಂ ನನ್ನ ಕೈ ಹಿಡಿದು ಎಳೆದ್ರು. ಬೋಟಿಗೆ ಬಂದ ಮೇಲೆ ಹೇಳಿದ್ರು, ಅದು ಉಸಿರು ತಗೊಳ್ಳೋಕೆ ಮೇಲಕ್ಕೆ ಹೋಗ್ತಿತ್ತಂತೆ. ಆಮೆಗೂ ನಮ್ಮ ಥರಾನೇ ಗಾಳಿ ಬೇಕು. ಬಲೇಲೋ ಹಗ್ಗದಲ್ಲೋ ಸಿಕ್ಕಿ ಮೇಲೆ ಬರೋಕಾಗ್ಲಿಲ್ಲ ಅಂದ್ರೆ ನೀರಲ್ಲೇ ಮುಳುಗಿ ಸಾಯುತ್ತೆ. ನಾನು ಅದರ ಮೂಗಿಗೂ ಗಾಳಿಗೂ ಮಧ್ಯ ನಿಂತ್ಕೊಂಡು ಪೋಸ್ ಕೇಳ್ತಿದ್ದೆ.”

ಭಾನುಪ್ರಕಾಶ್ ಕೈಯಲ್ಲಿದ್ದ ಹಾಳೆಯನ್ನು ನಿಧಾನವಾಗಿ ಮಡಿಸತೊಡಗಿದ.

“ಆಮೇಲೆ?” ಅಂದರು ಅಮ್ಮಯಮ್ಮ. ಮಗನ ಕಥೆಯಲ್ಲಿ ಅವರು ‘ಆಮೇಲೆ’ ಅಂದದ್ದು ಎಷ್ಟೋ ವರ್ಷಗಳ ನಂತರ.

“ಆಮೇಲೆ, ಬೋಟಿಗೆ ಬರೋಕೆ ಮುಂಚೆ, ಮೇಡಂ ನನ್ನನ್ನ ಅಲ್ಲೇ ಕೆಳಗೆ ಬಂಡೆ ಪಕ್ಕಕ್ಕೆ ಕರ್ಕೊಂಡು ಹೋದ್ರು. ಇಬ್ಬರೂ ಅಲ್ಲಾಡದೆ ಇದ್ವಿ. ಕ್ಯಾಮೆರಾ ದಾರದಲ್ಲಿ ನೇತಾಡ್ತಿತ್ತು, ಮುಟ್ಟೋ ಧೈರ್ಯ ಆಗ್ಲಿಲ್ಲ. ಸ್ವಲ್ಪ ಹೊತ್ತಿಗೆ ಅದು ವಾಪಸ್ ಬಂತು, ನಮ್ಮ ಪಕ್ಕದಲ್ಲೇ ಮೇಲಕ್ಕೆ ಹೋಯ್ತು. ಕೆಳಗಿಂದ ನೋಡ್ತಿದ್ದೆ. ನೀರಿನ ಮೇಲ್ಭಾಗ ಬೆಳ್ಳಿ ತಟ್ಟೆ ಥರ ಹೊಳೀತಿತ್ತು. ಆ ತಟ್ಟೆಯೊಳಗೆ ತಲೆ ತೂರಿಸಿ, ಒಂದು ಉಸಿರು ಎಳ್ಕೊಂಡು, ಏನೂ ಆಗಿಲ್ಲ ಅನ್ನೋ ಥರ ಹೊರಟೋಯ್ತು. ಅಷ್ಟೇ. ಒಂದು ಫೋಟೊನೂ ತೆಗೀಲಿಲ್ಲ. ಇಪ್ಪತ್ತೆರಡು ವರ್ಷದ ಫೋಟೊಗ್ರಾಫರ್ರು ಬರಿಗೈಲಿ ಬಂದ ಅಂತ ಹೊಸಕೋಟೇಲಿ ಹೆಂಗೆ ಹೇಳ್ಲಿ?”

“ಅದಕ್ಕೆ ಗೌರೀನ ಹಿಡಿದ್ಯಾ?” ಅಂದರು ಅಮ್ಮಯಮ್ಮ, ಹುಬ್ಬು ಗಂಟಿಕ್ಕಿ.

“ಇಲ್ಲಮ್ಮ, ನಿನ್ನಾಣೆ! ಮುಟ್ಟಿಲ್ಲ. ಹನ್ನೊಂದು ದಿನ ಬೆಳಿಗ್ಗೆ ಬಾವಿ ಮೆಟ್ಟಿಲ ಮೇಲೆ ಡಬ್ಬಿ ಕ್ಯಾಮೆರಾ ನೀರಲ್ಲಿ ಅದ್ದಿಕೊಂಡು, ಬಿಸಿಲು ಬೀಳೋವರೆಗೂ ಅಲ್ಲಾಡದೆ ಕೂತಿದ್ದೆ. ಹನ್ನೆರಡನೇ ದಿನ ಅವಳೇ ಬಂದು ನೋಡಿದ್ಲು.”

“ಅದಕ್ಕೇ ಸೊಂಟ ಹಿಡ್ಕೊಂತು ಅಂತ ಎಣ್ಣೆ ತಿಕ್ಕಿಸ್ಕೊಂಡ್ಯಾ? ಜನರೇಟರ್ ಎತ್ತಿದೆ ಅಂದಿದ್ದೆ!”

“ಅದೂ ಸುಳ್ಳೇ ಅಮ್ಮ.”

ಭಾನುಪ್ರಕಾಶ್ ಮೊಬೈಲು ತೆಗೆದು, ಸಾಯಂಕಾಲದವರೆಗೂ ಕಾಯದೆ, ಬಲೆಯವನಿಗೆ ಫೋನು ಹಚ್ಚಿ “ಬೇಡ, ಆಮೆ ಹಿಡೀಬೇಡಿ, ಖಂಡಿತ ಬೇಡ” ಎಂದು ಹೇಳಿ ಇಟ್ಟ. ಪೆನ್ಸಿಲ್ ಚಿತ್ರ ಜೇಬಿಗೆ ಹೋಯಿತು. ಚಂದನಳ ಮುಖದಲ್ಲಿ ಬೇಸರವೇನೂ ಇರಲಿಲ್ಲ.

“ಮುಳುಗೋದು ಕಲ್ತಿದ್ದು ವೇಸ್ಟ್ ಆಗ್ಬಾರ್ದು ಅಣ್ಣ. ಹೋಗೋಣ. ಬಂದ್ರೆ ಬಂತು, ಇಲ್ಲಾಂದ್ರೆ ನಾವಿಬ್ರೇ. ಅದ್ಸರಿ, ಮುನ್ನೂರು ಅಡಿ ಅಂದ್ಯಲ್ಲ, ನಿಜವಾಗ್ಲೂ ಎಷ್ಟು ಆಳ?”

“ಹದಿನೆಂಟು ಅಡಿ.”

“ಲೇ ಕೆಂಪಾ,” ಅಂದರು ಅಮ್ಮಯಮ್ಮ, “ನಮ್ಮ ಬಾವೀನೇ ನಲವತ್ತಡಿ ಐತಲ್ಲೋ!”

“ಹದಿನೆಂಟೂ ಅಲ್ಲ, ಹದಿನೈದು,” ಅಂದ ಕೆಂಪರಾಜ್, ತಲೆ ತಗ್ಗಿಸಿ.

“ಆಮೆ ಒಂಚೂರೂ ನಗ್ಲಿಲ್ವಾ?” ಭಾನುಪ್ರಕಾಶ್ ಕೊನೆಯ ಕಾಲು ಪಾಲನ್ನಾದರೂ ಉಳಿಸಿಕೊಳ್ಳುವ ಆಸೆಯಿಂದ ಕೇಳಿದ.

“ಇಲ್ಲ ಗುರು. ಆಮೆಗೆ ಹಲ್ಲೇ ಇರಲ್ಲ. ಅದು ಉಸಿರು ತಗೊಂಡಿದ್ದು ನೋಡಿ ನಾನೇ ನಕ್ಕೆ. ನಗಬೇಡಿ, ಕೆನ್ನೆ ಮಡಿಸಿದ್ರೆ ಕಣ್ಣು-ಮೂಗು ಮುಚ್ಚಿರೋ ಮಾಸ್ಕ್ ಸಡಿಲ ಆಗುತ್ತೆ ಅಂತ ಮೇಡಂ ಮೊದಲೇ ಹೇಳಿದ್ರು. ಮೂಗು ತುಂಬ ಉಪ್ಪುನೀರು ನುಗ್ತು. ಆದ್ರೂ ನಗು ನಿಲ್ಲಲಿಲ್ಲ.”