ದ್ಯಾನ್ ಆಚೆ ನಿಂತ ಗುಡ್ಡವ್ವ

ಗುಡ್ಡವ್ವನ ಹೆಸರನ್ನು ನಾನು ಹಿಂದಿನ ದಿನವೇ ಪಾಠದ ಟಿಪ್ಪಣಿಯಲ್ಲಿ ಬರೆದಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ, ಬೋರ್ಡಿನ ಮುಂದೆ ನಿಂತಾಗ ಗಡಿಬಿಡಿಯಲ್ಲಿ ಕರೆದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೇನು.

೧೯೬೩ನೆಯ ಇಸವಿ. ಧಾರವಾಡದಲ್ಲಿ ಮಾಸ್ತರಿಕೆಯ ಟ್ರೇನಿಂಗಿನಲ್ಲಿದ್ದೆ. ಅಮ್ಮಿನಬಾವಿಯ ಹೊಲಗೇರಿಯಿಂದ ಅಲ್ಲಿಯ ತನಕ ಬಂದವನು ನಾನೊಬ್ಬನೇ. ಕೆಲಗೇರಿ ಕಡೆಯ ಸಾಲೆಯೊಂದರಲ್ಲಿ ಎಂಟನೆಯ ಇಯತ್ತೆಗೆ ಇಂಗ್ಲಿಷ್ ಪಾಠ ಮಾಡಿ ತೋರಿಸಬೇಕಿತ್ತು. ಹಿಂದೆ ಕುರ್ಚಿ ಹಾಕಿಕೊಂಡು ನಮ್ಮ ಕಾಲೇಜಿನ ಹಂಚಿನಮನಿ ಸರ್ ಪಾಠ ಹೇಗಾಯಿತೆಂದು ಶೇರಾ ಬರೆಯುತ್ತಾರೆ. ಶೇರಾ ಕೆಟ್ಟರೆ ನಾಪಾಸು, ನೌಕರಿ ಇಲ್ಲ.

ನನ್ನ ಪಾಲಿಗೆ ಬಂದದ್ದು ಹೋಲಿಕೆಯ ವಾಕ್ಯಗಳು. ‘ದ್ಯಾನ್’, ಅಂದರೆ ‘ಗಿಂತ’, ಎಂಬ ಶಬ್ದದ ಈಚೆ ಹೆಚ್ಚಿನವರೊಬ್ಬರು, ಆಚೆ ಕಡಿಮೆಯವರೊಬ್ಬರು. ಎರಡೂ ಕಡೆ ವಾಕ್ಯದ ಕಟ್ಟು ಒಂದೇ ಇರಬೇಕು, ಕೊನೆಗೆ ‘ಈಸ್’ ಇಲ್ಲವೆ ‘ಡಸ್’ ಎಂಬ ಸಹಾಯಕ ಕ್ರಿಯಾಪದ ಬಂದು ಕೂಡಬೇಕು. ವ್ಯಾಕರಣ ಸರಳ. ಆಚೆ ಯಾರನ್ನು ನಿಲ್ಲಿಸುವುದು ಎಂಬುದೇ ಕಷ್ಟ.

“ಎರಡ ಬದನಿಕಾಯಿ ಒಯ್ಯೋ. ಒಂದ ದೊಡ್ಡದು, ಒಂದ ಸಣ್ಣದು. ಬದನಿಕಾಯಿಯ ಅಪ್ಪ ಜಗಳಕ್ಕ ಬರಂಗಿಲ್ಲ” ಎಂದಿದ್ದ ಜೊತೆಗಾರ ಅಬ್ದುಲಗನಿ.

ಆದರೆ ಹಂಚಿನಮನಿ ಸರ್‌ಗೆ ಮಕ್ಕಳನ್ನೇ ಎಬ್ಬಿಸಿ ನಿಲ್ಲಿಸಿದ ಪಾಠ ಸೇರುತ್ತಿತ್ತು. ಈಚೆಗೆ ವಕೀಲರ ಮಗ ಶ್ರೀಪಾದನನ್ನು ಬರೆದುಕೊಂಡೆ. ಆಚೆಗೆ ಯಾರ ಮಗುವನ್ನು ನಿಲ್ಲಿಸಿದರೂ ಮರುದಿನ ಅದರ ಅಪ್ಪ ಬಂದು ನನ್ನ ಕುಲ ಕೇಳುತ್ತಿದ್ದ. ಕೇಳದ ಮನೆ ಒಂದೇ ಇತ್ತು: ಉಡಚವ್ವನದು. ನಮ್ಮ ಕೇರಿಯಲ್ಲಿ ಹುಟ್ಟಿ ಕೆಲಗೇರಿಗೆ ಲಗ್ನವಾಗಿ ಬಂದವಳು, ಐತವಾರ ನನಗೆ ರೊಟ್ಟಿ ಬಡಿದು ಹಾಕುವವಳು. ಅವಳ ಮಗಳು ಗುಡ್ಡವ್ವ ಅದೇ ವರ್ಗದ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರುತ್ತಿದ್ದಳು.

ಇಬ್ಬರನ್ನೂ ಬೋರ್ಡಿನ ಮುಂದೆ ಕರೆದು ನಿಲ್ಲಿಸಿದೆ; ಪಾಠ ಸರಾಗವಾಗಿ ನಡೆಯಿತು. “ಶ್ರೀಪಾದ ಈಸ್ ಟಾಲರ್ ದ್ಯಾನ್ ಗುಡ್ಡವ್ವ ಈಸ್” ಎಂದು ನಲವತ್ತು ಮಕ್ಕಳು ಒಂದೇ ದನಿಯಲ್ಲಿ ಹೇಳಿದವು. ಎತ್ತರ ಆಯಿತು, ಓಟ ಆಯಿತು. ಅಂಗಿಗೆ ಬಂದೆ. ಶ್ರೀಪಾದನ ಅಂಗಿ ಗುಡ್ಡವ್ವನ ಅಂಗಿಗಿಂತ ಸ್ವಚ್ಛ. ಅದನ್ನೂ ಹೇಳಿದವು. ಆಮೇಲೆ ಅವರವರೇ ಒಂದೊಂದು ವಾಕ್ಯ ಕಟ್ಟಲು ಹೇಳಿದೆ. ಮುಂದಿನ ಬೆಂಚಿನವನೊಬ್ಬ ಎದ್ದು, ತಾನು ಗುಡ್ಡವ್ವನಿಗಿಂತ ಹೆಚ್ಚು ಸಲ ಜಳಕ ಮಾಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ‘ಡಸ್’ ಸರಿಯಾದ ಜಾಗದಲ್ಲಿ ಬಿದ್ದಿತ್ತು. ವರ್ಗವೆಲ್ಲ ಬಿದ್ದು ಬಿದ್ದು ನಕ್ಕಿತು.

ನಾನು “ವೆರಿ ಗುಡ್” ಅಂದೆ.

ಅಂದೆ. ಯಾರೂ ನನ್ನ ಕುತ್ತಿಗೆ ಹಿಡಿದು ಅನ್ನಿಸಲಿಲ್ಲ.

ಗುಡ್ಡವ್ವ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಇಂಗ್ಲಿಷ್ ಅಂದರೆ ಹೀಗೇ ಇರುತ್ತದೇನೋ ಎಂದು ಕಲಿಯುವವರ ಹಾಗೆ ನೋಡುತ್ತಿದ್ದಳು.

“ಯಮನಪ್ಪ, ಭಾಳ ಛಲೋ ಆತ್ರಿ” ಎಂದರು ಹಂಚಿನಮನಿ ಸರ್. “ಸೋಮವಾರ ಇಡೀ ಕಾಲೇಜಿನ ಮುಂದ ಇದ ಪಾಠ ಮಾಡ್ರಿ. ಅವ್ರಿಬ್ಬರ ಇರಲಿ. ಆ ಹುಡಿಗಿ ಭೇಷ್ ಉದಾಹರಣಿ.”

ಹೊರಗೆ ಅಬ್ದುಲಗನಿ ಬೀಡಿ ಹಚ್ಚುತ್ತ, “ಪ್ಯಾಟ್ಯಾಗ ಬದನಿಕಾಯಿ ಸಿಗಲಿಲ್ಲೇನೋ?” ಎಂದ.

ಆ ಐತವಾರ ನಾನು ರೊಟ್ಟಿಗೆ ಹೋಗಲಿಲ್ಲ. ಉಡಚವ್ವನೇ ಹಾಸ್ಟೆಲಿಗೆ ಬಂದಳು. “ಯಮನ್ಯಾ, ಬಾರೋ” ಎಂದು ಕರೆಯುತ್ತಿದ್ದವಳು ಗೇಟಿನ ಹೊರಗೇ ನಿಂತು “ಮಾಸ್ತರ್ರ” ಅಂದಳು.

“ಯಕ್ಕಾ, ನನಗ್ಯಾಕ ಮಾಸ್ತರ್ರ ಅಂತಿ?”

“ಮತ್ತೇನ ಅನ್ನಲ್ರಿ? ನಮ್ಮ ಕೇರಿ ಮಾಸ್ತರ ಬರ್ತಾನ ಅಂತ ಹುಡಿಗಿ ಎಂಟ ದಿನ ಕುಣದಾಡಿತ್ತು. ಈಗ ಹಿತ್ತಲದಾಗ ಕುಂತು ದಿನಾ ಎರಡ ಹೊತ್ತ ಮೈ ತೊಳಕೊಳ್ಳಾಕತ್ತೈತಿ. ಕಲ್ಲಿಲೆ ತಿಕ್ಕಿ ತಿಕ್ಕಿ ಮೊಣಕೈ ಕಿತ್ಕೊಂಡಾಳ್ರಿ. ಏನ ಕಲಿಸಿದ್ರಿ ಅಕಿಗೆ?”

“ನಾಳೆ ಅಕಿನ್ನ ಕರಿಯಂಗಿಲ್ಲ, ಯಕ್ಕಾ” ಎಂದೆ.

“ಕರೀಬ್ಯಾಡ್ರಿ” ಎಂದು ಹೊರಟುಹೋದಳು.

ಸೋಮವಾರ ಅದೇ ವರ್ಗದ ಗೋಡೆಯ ಉದ್ದಕ್ಕೂ ಅರವತ್ತು ಮಂದಿ ಟ್ರೇನಿಂಗಿನವರು ನಿಂತಿದ್ದರು. ಶ್ರೀಪಾದನನ್ನು ಕರೆದೆ. ನಾನು ಮುಂದೆ ಬಾಯಿ ತೆರೆಯುವ ಮೊದಲೇ ಗುಡ್ಡವ್ವ ತಾನಾಗಿ ಎದ್ದು ಬಂದು ಅವನ ಎಡಕ್ಕೆ, ಮೊನ್ನೆಯ ಜಾಗದಲ್ಲೇ ನಿಂತಳು. ಅದು ತನ್ನ ಜಾಗವೆಂದು ಒಂದೇ ಪಾಠದಲ್ಲಿ ಕಲಿತಿದ್ದಳು. ಮೊಣಕೈಗಳ ಮೇಲೆ ಕೆಂಪು ಹಕ್ಕಳೆ.

“ಹೋಗವ್ವ, ಕೂಡು” ಎಂದು ಕನ್ನಡದಲ್ಲೇ ಹೇಳಿ ಕಳಿಸಿ, ಅವಳ ಜಾಗದಲ್ಲಿ ನಾನು ನಿಂತೆ. ಶ್ರೀಪಾದನ ಅಂಗಿ ನನ್ನ ಅಂಗಿಗಿಂತ ಸ್ವಚ್ಛ ಎಂದು ಇಂಗ್ಲಿಷಿನಲ್ಲಿ ಹೇಳಿಕೊಟ್ಟೆ. ಒಂದು ಮಗುವೂ ಬಾಯಿ ಬಿಡಲಿಲ್ಲ. ಮತ್ತೊಮ್ಮೆ ಹೇಳಿಕೊಟ್ಟೆ.

ಶ್ರೀಪಾದ ನೆಲ ನೋಡುತ್ತ, “ಮಾಸ್ತರಿಗೆ ಹಂಗ ಹೆಂಗ ಅನ್ನೂದ್ರಿ, ಸರ್?” ಎಂದ.

ಅವಳಿಗೆ ಅನ್ನುವಾಗ ಒಂದು ನಾಲಿಗೆಯೂ ತಡವರಿಸಿರಲಿಲ್ಲ. ನನಗೆ ಕೋಟು ಇತ್ತು, ಕೈಯಲ್ಲಿ ಬೋರ್ಡಿನ ಮೇಲೆ ಬರೆಯುವ ಖಡುವಿತ್ತು. ಅವು ನನ್ನನ್ನು ಕಾಪಾಡಿದವು. ಗಂಟೆ ಹೊಡೆಯುವ ತನಕ ವರ್ಗ ಮೂಕವಾಗಿತ್ತು. “ಮಕ್ಕಳ ಬಾಯಿ ಬಿಡಿಸಲಾಗಲಿಲ್ಲ” ಎಂದು ಶೇರಾ ಬಂತು. ನಾಪಾಸು.

ಬಾಗಿಲಲ್ಲಿ ಗುಡ್ಡವ್ವ ಅಡ್ಡ ಬಂದಳು.

“ಸರ್, ಇವತ್ತ ನಾ ಬರೋಬ್ಬರಿ ನಿಂತಿದ್ದಿಲ್ಲೇನ್ರಿ? ಯಾಕ ಕಳಿಸಿದ್ರಿ?”

ಸುತ್ತ ಅರವತ್ತು ಮಂದಿ. ಮೊನ್ನೆ ಅವಳನ್ನು ಸಣ್ಣವಳನ್ನಾಗಿಸಿದ ದನಿಯಲ್ಲೇ, ಅಷ್ಟೇ ಗಟ್ಟಿಯಾಗಿ, ತಪ್ಪು ನನ್ನದು ಎಂದು ಹೇಳಬೇಕಿತ್ತು. ನಾನು ಆಚೀಚೆ ನೋಡಿ, ದನಿ ತಗ್ಗಿಸಿ, ಅದನ್ನು ಗಂಟಲೊಳಗೇ ಹೇಳಿದೆ.

“ಆಂ? ಏನಂದ್ರಿ?” ಎಂದಳು ಗುಡ್ಡವ್ವ.