ಬುಸ್ಸಪ್ಪನ ಸದ್ದು

ಜೆಲ್ಲಿ ತಣ್ಣಗಿದೆ ಎಂದು ಮಗಳು ಹೊಟ್ಟೆ ಒಳಗೆಳೆದುಕೊಂಡಳು, ಪಕ್ಕೆಲುಬು ಒಂದೊಂದೂ ಎದ್ದು ಬಂತು, ತೂಕ ಏರಿಲ್ಲ, ಐದು ತುಂಬಿದರೂ ಮೂರು ವರ್ಷದವಳ ಫ್ರಾಕು — ಡಾಕ್ಟರಮ್ಮ ಸ್ಕ್ಯಾನಿನ ಕಡ್ಡಿಯನ್ನು ಎದೆಗೊತ್ತಿ ಮೆಲ್ಲಗೆ ಓರೆ ಮಾಡುತ್ತಿದ್ದಾರೆ, ಪಕ್ಕದಲ್ಲಿ ನಿಂತ ಅಪ್ಪನೂ ಹಾಗೇ ತಾನೆ, ರಸ್ತೆಯಡಿಯ ನೀರಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಕಬ್ಬಿಣದ ಸರಳಿನ ಒಂದು ತುದಿ ನೆಲಕ್ಕೆ, ಇನ್ನೊಂದು ಕಿವಿಗೆ, ಹದಿನಾರು ವರ್ಷದಿಂದ ಅದೇ ಕೆಲಸ, ನೀರಿನ ಕಚೇರಿಯಲ್ಲಿ ಅವನಿಗೆ ಕಿವಿಯಣ್ಣ ಎಂದೇ ಹೆಸರು, ಹೆಂಡ್ತಿ ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೇಳುತ್ತೆ ಕಿವಿಯಣ್ಣಂಗೆ ಎಂದು ಜೊತೆಯವರ ನಗೆ. ಡಾಕ್ಟರಮ್ಮ ಮೊದಲ ಸಲ ಹೃದಯದಲ್ಲಿ ತೂತು ಎಂದಾಗ ರಕ್ತ ಹೊರಗೆ ಸುರಿಯುತ್ತದೆ ಎಂದುಕೊಂಡಿದ್ದ, ಅಲ್ಲಪ್ಪಾ, ಎರಡು ಕೋಣೆ, ನಡುವೆ ಗೋಡೆ, ತೂತಿರೋದು ಆ ಗೋಡೇಲಿ, ಹುಟ್ಟುವಾಗಲೇ ಇದ್ದದ್ದು, ಕೆಲವು ತಾವಾಗೇ ಮುಚ್ಕೊಳ್ತವೆ, ಆರು ತಿಂಗಳಿಗೊಮ್ಮೆ ತಪ್ಪದೆ ಬನ್ನಿ — ಅಷ್ಟೆಲ್ಲದರಲ್ಲಿ ಅವನ ಕಿವಿಗೆ ಬಿದ್ದದ್ದು ಮುಚ್ಕೊಳ್ತವೆ ಎಂಬುದೊಂದೇ. ಬೆಳಗಾದರೆ ಮಗಳು ಫ್ರಾಕು ಎತ್ತಿ ನಿಲ್ಲುವಳು, ಅಪ್ಪಾ ಬುಸ್ಸಪ್ಪ ಎದ್ನಾ, ಆ ತೂತಿನ ಸದ್ದಿಗೆ ಅವಳಿಟ್ಟ ಹೆಸರು, ಅವನು ಎದೆಗೆ ಕಿವಿ ಹಚ್ಚುವನು, ಬುಸ್, ಬುಸ್, ಎದ್ದಿದ್ದಾನೆ ಕಣೇ, ಹಾಲು ಬೇಕಂತೆ. ಹೋದ ವರ್ಷ ಬುಸ್ಸಪ್ಪನ ದನಿ ಇಳಿಯುತ್ತ ಬಂತು, ಬಾಗಿಲಲ್ಲಿ ಹೆಂಡತಿ, ಏನ್ರೀ, ಕಮ್ಮಿಯಾ, ಕಮ್ಮಿ ಕಣೇ, ಮುಚ್ಕೊಳ್ತಾ ಇದೆ, ಆ ಸಲ ಆಸ್ಪತ್ರೆಗೆ ಹೋಗಲಿಲ್ಲ, ಮುಂದಿನ ಸಲವೂ ಇಲ್ಲ, ಯಾಕೋ ಇವಳು ಕೂತ್ಕೊಂಡೇ ಆಡ್ತಾಳೆ ಕಣ್ರೀ, ಅಂದಳು ಹೆಂಡತಿ, ನಿಂದೊಂದು ಗುಮಾನಿ, ನನ್ನ ಕಿವಿಗಿಂತ ನಿನ್ನ ಕಣ್ಣು ಹೆಚ್ಚಾ.

ಡಾಕ್ಟರಮ್ಮ ಕಡ್ಡಿ ತೆಗೆದರು. ತೂತು ಹಾಗೇ ಇದೆ, ಚಿಕ್ಕದಾಗಿಲ್ಲ. ಸದ್ದು ಕಮ್ಮಿ ಆಗಿತ್ತಲ್ಲಾ ಮೇಡಂ, ನಾನೇ ದಿನಾ ಕೇಳ್ತಿದ್ದೆ. ಒತ್ತಡದಲ್ಲಿ ವ್ಯತ್ಯಾಸ ಇದ್ರೆ ತಾನೆ ಸದ್ದು, ಶ್ವಾಸಕೋಶದ ಕಡೆ ಒತ್ತಡ ಏರಿದೆ, ಎರಡೂ ಕಡೆ ಸಮ ಆಗ್ತಾ ಬಂದ್ರೆ — ಮುಂದಿನದನ್ನು ಅವರು ಹೇಳಬೇಕಿರಲಿಲ್ಲ, ಎರಡು ತೊಟ್ಟಿ, ನಡುವೆ ಪೈಪು, ಮಟ್ಟ ಸಮವಾದರೆ ಎಷ್ಟು ದೊಡ್ಡ ಪೈಪಾದರೂ ಪಿಟ್ಟೆನ್ನುವುದಿಲ್ಲ, ಹೊಸಬರ ಕೈಗೆ ಸರಳು ಕೊಡುವ ಮೊದಲು ಅವನೇ ಹೇಳುವ ಪಾಠ, ಕೂಗೋ ಸೋರಿಕೆ ಸಣ್ಣದು ಕಣ್ರೋ, ಸದ್ದಡಗಿದ ಕಡೆ ಹುಷಾರು, ಊರಿಗೆಲ್ಲ ಹೇಳಿದ ಮಾತು ಮನೆಯ ಹೊಸಿಲು ದಾಟಲಿಲ್ಲ. ಇನ್ನೂ ಸಮ ಆಗಿಲ್ಲ, ಆಗಿದ್ದಿದ್ರೆ ಮುಚ್ಚೋಕೇ ಆಗ್ತಿರ್ಲಿಲ್ಲ, ಈ ತಿಂಗಳೊಳಗೆ ಆಪರೇಷನ್ ಮಾಡಿಬಿಡೋಣ ಎಂದರು ಡಾಕ್ಟರಮ್ಮ. ಹೆಂಡತಿ ಕಾಗದದ ತುಂಡಿನಿಂದ ಜೆಲ್ಲಿ ಒರೆಸುತ್ತಿದ್ದಾಳೆ, ಒರೆಸಿದಲ್ಲೇ ಒರೆಸುತ್ತಿದ್ದಾಳೆ. ಮುಚ್ಚಿದ ಮೇಲೂ ಸದ್ದು ಇರುವುದಿಲ್ಲವಲ್ಲ, ಆ ಮೌನ, ಈ ಮೌನ, ಎರಡೂ ಕಿವಿಗೆ ಒಂದೇ, ಗುರುತು ಹಿಡಿಯೋದು ಹೇಗೆ — ಓಡ್ತಾಳಲ್ರೀ ಆಗ, ನೋಡಿದ್ರಾಯ್ತು, ಹೆಂಡತಿಯ ದನಿ. ಅವನು ಗಟ್ಟಿಯಾಗಿ ಕೇಳಿಬಿಟ್ಟನೇ ಹಾಗಾದರೆ. ಅಪ್ಪಾ, ಬುಸ್ಸಪ್ಪ ಎದ್ನಾ, ಮಗಳು ಮಲಗಿದಲ್ಲೇ ಫ್ರಾಕು ಇನ್ನಷ್ಟು ಮೇಲೆತ್ತಿದಳು, ಅವನು ಬಾಗಿದ, ಎದೆ ಒದ್ದೆ, ಕಿವಿ ತಣ್ಣಗಾಯಿತು, ಅಡಗಲಿ ಅಡಗಲಿ ಎಂದು ಒಂದು ವರ್ಷ ಕಾದವನು ಈಗ ಉಸಿರು ಬಿಗಿಹಿಡಿದು, ಎದ್ದಿರು ಮಾರಾಯಾ, ಈ ತಿಂಗಳೊಂದು ಎದ್ದಿರು — ಇದೆ, ಎಳೆಯಷ್ಟು, ಬುಸ್, ಇನ್ನೂ ಇದೆ, ಬುಸ್, ಇನ್ನೂ —