ಒಣಗಿಸಿದ ಮಣಿಗಳು

ಮೂವತ್ತೆರಡು ವರ್ಷ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದವನು ನಾನು. ಓದಿದ್ದು ನಾಲ್ಕನೆಯ ತರಗತಿ. ತೊಳೆದದ್ದನ್ನು ಒದ್ದೆಯಾಗಿ ಡಬ್ಬಿಗೆ ಹಾಕಬಾರದು ಎಂದು ಸೇರಿದ ದಿನವೇ ನನ್ನ ಮೇಲಿನವರು ಹೇಳಿದ್ದರು. ಆ ಮಾತನ್ನು ಒಂದು ದಿನವೂ ಮೀರಿದವನಲ್ಲ. ಈ ಸಲ ಅದೇ ಎಡವಟ್ಟಾಯಿತು.

ನನ್ನ ತಂಗಿಯ ಮಗಳು ಅಲ್ಲಿಯೇ ಸಂಶೋಧನೆ ಮಾಡುತ್ತಾಳೆ. ಅವಳದು ಸಾಸಿವೆಗಿಂತ ಸಣ್ಣ ರಾಳದ ಮಣಿಗಳು. ಕೊಳಕು ನೀರು ಹರಿಸಿದರೆ ಅದರಲ್ಲಿರುವ ತಾಮ್ರವನ್ನು ಹಿಡಿದುಕೊಂಡು ಬದಲಿಗೆ ತಮ್ಮಲ್ಲಿದ್ದ ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಯೊಳಗೆ ತಾಮ್ರ ಹೇಗೆ ಕೂತಿದೆ, ಅದರ ಅಕ್ಕಪಕ್ಕ ಏನಿದೆ ಎಂಬುದೇ ಇವಳ ಪ್ರಶ್ನೆ. ಎಕ್ಸ್-ರೇ ಬಿಟ್ಟು, ತಾಮ್ರ ಅದನ್ನು ಎಷ್ಟು ಹೀರುತ್ತದೆಂದು ಅಳೆದರೆ ತಿಳಿಯುತ್ತದಂತೆ. ಹಾಗೆ ಅಳೆಯುವ ದೊಡ್ಡ ಯಂತ್ರ ಇರುವುದು ದೂರದ ಊರಿನಲ್ಲಿ; ಅದಕ್ಕಾಗಿ ಒಂದೂವರೆ ವರ್ಷ ಕಾದು ಎರಡು ದಿನ ಗಿಟ್ಟಿಸಿದ್ದಳು. ತಾಮ್ರ ಹಿಡಿದ ಮಣಿ ತೊಳೆದು ಡಬ್ಬಿಗೆ ತುಂಬಿದವನು ನಾನಾದ್ದರಿಂದ ಸಹಾಯಕ್ಕೆ ನನ್ನನ್ನೂ ಕರೆತಂದಳು.

ಮೊದಲ ದಿನ ಯಂತ್ರ ಹೊಂದಿಸಿ, ತಾಮ್ರ ಕರಗಿಸಿದ ನೀರನ್ನು ಅಳೆಯುವುದರಲ್ಲೇ ಹೋಯಿತು. ಎರಡನೆಯ ದಿನ ಬೆಳಿಗ್ಗೆ ಮಣಿಗಳ ಸರದಿ. ಪರದೆಯ ಮೇಲೆ ಮೂಡಿದ ಗೆರೆ ನೋಡಿ ಅವಳ ಮುಖ ಇಳಿದುಹೋಯಿತು.

“ಮಣಿಯೊಳಗೂ ತಾಮ್ರದ ಸುತ್ತ ನೀರೇ ಇರುತ್ತೆ ಅಂತ ಮೂರು ವರ್ಷದಿಂದ ಬರ್ಕೊಂಡು ಬಂದೆ, ಮಾವ. ನಿನ್ನೆ ನೀರಲ್ಲಿ ಬಂದ ಗೆರೆಗೂ ಇದಕ್ಕೂ ಹೊಂದ್ತಾನೇ ಇಲ್ಲ. ನನ್ನ ಪಿಎಚ್.ಡಿ. ಮಣ್ಣುಪಾಲು.”

ನೀರು ಎಂದದ್ದೇ ನಾನು ಮಾಡಿದ್ದು ನೆನಪಾಗಿ ಅವಳ ಹತ್ತಿರ ಹೋದೆ.

“ಅಮ್ಮಾ, ಡಬ್ಬಿಗೆ ಹಾಕೋ ಮುಂಚೆ ಓವನ್‌ನಲ್ಲಿಟ್ಟು ಒಣಗಿಸಿದ್ದೆ.”

“ಏನಂದ್ರಿ?”

“ಒದ್ದೇನೇ ಇರಲಿ ಅಂತ ನೀನು ಹೇಳಿದ್ದೆ. ದಾರೀಲಿ ಬೂಷ್ಟು ಹಿಡಿದೀತು ಅಂತ ನಾನೇ…”

ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವಳು ನಕ್ಕುಬಿಟ್ಟಳು.

“ಅಯ್ಯೋ ಮಾವ, ಒಣಗಿಸಿದ ಮೇಲೆ ಒಳಗೆ ನೀರೆಲ್ಲಿರುತ್ತೆ? ಬಾಯಿ ಬಿಡೋಕೆ ಏನಾಗಿತ್ತು ನಿಮಗೆ! ಬರೆದದ್ದೇ ಸುಳ್ಳು ಅಂತ ನನ್ನ ಜೀವ ಬಾಯಿಗೆ ಬಂದಿತ್ತು.”

ಯಂತ್ರ ನೋಡಿಕೊಳ್ಳುವವನು ಕುರ್ಚಿ ತಿರುಗಿಸಿ, “ಸದ್ಯ, ನಮ್ಮ ಯಂತ್ರಾನ ತೊಳೆದು ಒಣಗಹಾಕಲಿಲ್ಲವಲ್ಲ ನಿಮ್ಮ ಮಾವ!” ಎಂದ.

ಮಣಿಗಳನ್ನು ಶುದ್ಧ ನೀರಿನಲ್ಲಿ ನೆನೆಹಾಕಿದೆವು. ಎರಡು ಗಂಟೆಯಲ್ಲಿ ಉಬ್ಬಿಕೊಂಡು ತಿಳಿ ಹಸಿರು-ನೀಲಿಗೆ ತಿರುಗಿದವು. ಮೇಲಿನ ನೀರು ಒತ್ತಿ ತೆಗೆದು, ಟೇಪಿನ ನಡುವೆ ಅಂಟಿಸಿ ಅವರಿಬ್ಬರೂ ಯಂತ್ರದೊಳಗಿಟ್ಟು ಬಾಗಿಲು ಹಾಕಿದರು. ಹೊಸ ಗೆರೆ ಇರುವೆಯ ಹಾಗೆ ತೆವಳಿ ಹತ್ತಿತು. ಹತ್ತಿ, ಬಾಗಿ, ನಿನ್ನೆಯ ಗೆರೆಯ ಮೇಲೆಯೇ ಹೋಗಿ ಕೂತಿತು.

“ಬಂತು ಮಾವ!” ಅವಳು ನನ್ನ ತೋಳು ಹಿಡಿದು ಅಲುಗಾಡಿಸಿದಳು. “ಒಣಗಿದ್ದರ ಗೆರೆಯೂ ಇರಲಿ. ನೀರು ಹೋದರೆ ತಾಮ್ರ ಏನು ಮಾಡುತ್ತೆ ಅಂತ ಅದೂ ಗೊತ್ತಾಯ್ತಲ್ಲ. ಎರಡನ್ನೂ ಬರೀತೀನಿ.”

“ಯಾರು ಒಣಗಿಸಿದ್ದು ಅಂತ ಮಾತ್ರ ಬೇಡ ಕಣಮ್ಮ.”

“ಹೇಗೆ ಒಣಗಿಸಿದ್ದು ಅಂತ ಬರೀಲೇಬೇಕು. ಎಷ್ಟು ಬಿಸಿ, ಎಷ್ಟು ಹೊತ್ತು? ನೆನಪಿದೆಯಾ?”

“ನೂರೈದು ಡಿಗ್ರಿ. ಸೋಮವಾರ ಮಧ್ಯಾಹ್ನ ಒಂದೂಕಾಲಿಗೆ ಇಟ್ಟೆ, ಆರಕ್ಕೆ ತೆಗೆದೆ. ನಡುವೆ ಒಂದು ಸಲ ಬಾಗಿಲು ತೆಗೆದು ನೋಡಿದ್ದೆ.”

ಅವಳು ಒಂದೂ ಬಿಡದೆ ಬರೆದುಕೊಂಡಳು. ಬೆಳಗಿನಿಂದ ನಿಂತೇ ಇದ್ದ ನಾನು ಆಗ ಕುರ್ಚಿ ಎಳೆದುಕೊಂಡು ಹಾಯಾಗಿ ಒರಗಿ ಕೂತೆ.